ಒಂದು ಲಡಿ ನೂಲಿನ ಋಣ

ದೊಡ್ಡ ಪ್ರಶ್ನೆಗಳನ್ನು ದೊಡ್ಡ ಸಂದರ್ಭಗಳಲ್ಲಿಯೇ ಹುಡುಕಬೇಕೆಂಬ ರೂಢಿ ನಮ್ಮಲ್ಲಿದೆ. ಧರ್ಮಸೂಕ್ಷ್ಮ ಎಂದೊಡನೆ ನಮಗೆ ಕುರುಕ್ಷೇತ್ರದ ರಣರಂಗವೋ ಹರಿಶ್ಚಂದ್ರನು ಕಾದ ಸ್ಮಶಾನವೋ ನೆನಪಾಗುತ್ತದೆ. ಉಣ್ಣೆಯ ಉಂಡೆಯನ್ನು ಮಡಿಲಲ್ಲಿಟ್ಟುಕೊಂಡು ಕಡ್ಡಿ ಆಡಿಸುತ್ತ ಕುಳಿತ ಗೃಹಿಣಿಯಲ್ಲಾಗಲಿ, ಬೆಳಗಿನ ಕಾಫಿ ಆರಿಹೋಗುವುದನ್ನೂ ಮರೆತು ಗುಲಾಬಿಯ ಬುಡ ಕೆದಕುತ್ತಿರುವ ನಿವೃತ್ತ ಗುಮಾಸ್ತರಲ್ಲಾಗಲಿ ನೀತಿಶಾಸ್ತ್ರಕ್ಕೆ ಏನು ಕೆಲಸ ಎನ್ನಿಸುವುದು ಸಹಜ. ಆದರೆ ಮನುಷ್ಯನು ಯಾರ ಬಲವಂತವೂ ಇಲ್ಲದೆ ಏನು ಮಾಡುತ್ತಾನೆ, ಮಾಡಿದ್ದನ್ನು ಯಾರಿಗೆ ಕೊಡುತ್ತಾನೆ, ಕೊಟ್ಟ ಮೇಲೆ ಏನನ್ನು ನಿರೀಕ್ಷಿಸುತ್ತಾನೆ ಎಂಬ ಮೂರು ಮಾತುಗಳಲ್ಲಿ ಅವನ ಸ್ವಭಾವದ ಬಹುಭಾಗ ಅಡಗಿದೆ. ಈ ಮೂರೂ ಒಂದೆಡೆ ಕೂಡುವ ಜಾಗ ಹೆಣಿಗೆ ಮತ್ತು ಕೈತೋಟ. ಆದ್ದರಿಂದ ಅವುಗಳ ವಿಚಾರವನ್ನು ಸ್ವಲ್ಪ ಬಿಡಿಸಿ ನೋಡುವುದರಲ್ಲಿ ತಪ್ಪಿಲ್ಲವೆಂದು ಭಾವಿಸುತ್ತೇನೆ.

ಮೊದಲು ವ್ಯವಹಾರಜ್ಞರ ಆಕ್ಷೇಪಣೆಯನ್ನು ಕೇಳೋಣ. "ಅಲ್ಲಾ, ಇದೆಲ್ಲ ಅಂಗಡೀಲಿ ಸಿಗೋದಿಲ್ಲವೇ?" ಎಂಬುದು ಅವರ ಪ್ರಶ್ನೆ. ಸಿಗುತ್ತದೆ, ಅದೂ ಕಡಮೆ ಬೆಲೆಗೆ. ಲೆಕ್ಕ ಹಾಕಿದರೆ ಅವರ ಮಾತಿಗೇ ಬಲ ಬರುತ್ತದೆ. ಹತ್ತು ಸೆಂಟಿಮೀಟರ್ ಅಗಲಕ್ಕೆ 22 ಕುಣಿಕೆ, ಹತ್ತು ಸೆಂಟಿಮೀಟರ್ ಎತ್ತರಕ್ಕೆ 30 ಸಾಲು ಬರುವ ಸಾಧಾರಣ ಹೆಣಿಗೆಯಲ್ಲಿ ಒಬ್ಬ ದೊಡ್ಡವರ ಸ್ವೆಟರ್ ಹಾಕುತ್ತೇವೆಂದು ಇಟ್ಟುಕೊಳ್ಳೋಣ. ಮೈ ಸುತ್ತಳತೆ ನೂರು ಸೆಂಟಿಮೀಟರ್, ಉದ್ದ ಅರವತ್ತು. ಮೈಗೆ ಮಾತ್ರವೇ ಸುಮಾರು 39,600 ಕುಣಿಕೆಗಳಾದವು. ಎರಡು ತೋಳುಗಳನ್ನು ಸೇರಿಸಿದರೆ ಐವತ್ತೇಳು ಸಾವಿರದ ಹತ್ತಿರ ಬರುತ್ತದೆ. ನಿಮಿಷಕ್ಕೆ 30 ಕುಣಿಕೆಯಂತೆ, ಒಂದೂ ತಪ್ಪದೆ, ನಡುವೆ ಒಲೆಯ ಮೇಲಿನ ಹಾಲು ಉಕ್ಕದೆ, ಬಾಗಿಲಿಗೆ ಯಾರೂ ಬಾರದೆ ಹೆಣೆದರೂ ಮೂವತ್ತೆರಡು ಗಂಟೆ ಬೇಕು. ಒಳ್ಳೆಯ ಉಣ್ಣೆಯ ಬೆಲೆಯೇ ಅನೇಕ ವೇಳೆ ಸಿದ್ಧ ಸ್ವೆಟರಿನ ಬೆಲೆಯನ್ನು ಮೀರುತ್ತದೆ. ಅದರ ಮೇಲೆ ಕೂಲಿಯನ್ನೂ ಕಟ್ಟಿದರೆ ಅದನ್ನು ತೊಡುವ ಧೈರ್ಯ ಯಾರಿಗೂ ಆಗಲಾರದು. ಕೈತೋಟದ ಕಥೆಯೂ ಹೀಗೆಯೇ. ಗೊಬ್ಬರ, ಕುಂಡ, ನೀರು, ಇರುವೆಯೊಡನೆಯೂ ಅಳಿಲಿನೊಡನೆಯೂ ನಡೆಸಿದ ಯುದ್ಧಗಳ ವೆಚ್ಚ ಎಲ್ಲವನ್ನೂ ಕೂಡಿದರೆ ಮನೆಯಲ್ಲಿ ಬೆಳೆದ ನಾಲ್ಕು ಬದನೆಕಾಯಿ ಬಹಳ ದುಬಾರಿ ಪದಾರ್ಥವಾಗುತ್ತದೆ.

ಈ ಲೆಕ್ಕಕ್ಕೆ ಒಂದು ಹಳೆಯ ಸಮಾಧಾನವುಂಟು. ಗ್ರೀಸಿನ ಅರಿಸ್ಟಾಟಲನು ತನ್ನ ನೀತಿಶಾಸ್ತ್ರದ ಹತ್ತನೆಯ ಭಾಗದಲ್ಲಿ, ನಾವು ದುಡಿಯುವುದೆಲ್ಲ ವಿರಾಮವನ್ನು ಪಡೆಯುವುದಕ್ಕಾಗಿ ಎಂಬ ಅರ್ಥದ ಮಾತನ್ನು ಹೇಳುತ್ತಾನೆ. ವಿರಾಮಕ್ಕೆ ಗ್ರೀಕರು ಬಳಸುತ್ತಿದ್ದ ಮಾತು ಸ್ಕೊಲೆ. ಅದರಿಂದಲೇ ಸ್ಕೂಲ್ ಎಂಬ ಶಬ್ದ ಬಂದಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ನಂಬುವುದೇ ಇಲ್ಲ! ದುಡಿಮೆ ಸಾಧನ, ವಿರಾಮ ಸಾಧ್ಯ. ಸಾಧ್ಯವನ್ನು ತಂದು ಸಾಧನದ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಸ್ವೆಟರ್ ಅಗ್ಗವೋ ದುಬಾರಿಯೋ ಎಂದು ಕೇಳುವುದು, ಸಂಜೆಯ ವಾಯುಸೇವನೆಗೆ ಹೊರಟವರನ್ನು ತಡೆದು "ತಿರುಗಿ ಮನೆಗೇ ಬರುವುದಾದರೆ ಹೊರಟದ್ದೇಕೆ?" ಎಂದು ಕೇಳಿದಂತೆ. ಮೂವತ್ತೆರಡು ಗಂಟೆ ಖರ್ಚಾಯಿತೆಂದು ವ್ಯವಹಾರಜ್ಞರು ಹೇಳುತ್ತಾರೆ. ಮೂವತ್ತೆರಡು ಗಂಟೆ ದೊರೆಯಿತೆಂದು ಹೆಣೆದವರು ಹೇಳುತ್ತಾರೆ.

ಸಮಾಧಾನ ಸರಿಯೇ. ಆದರೆ ಇಷ್ಟಕ್ಕೇ ನಿಂತರೆ ಸಾಲದು. ಇದು ಒಬ್ಬಂಟಿಯ ಸುಖವನ್ನು ಸಮರ್ಥಿಸುತ್ತದೆಯೇ ಹೊರತು ಅದರ ಅಪಾಯವನ್ನು ಹೇಳುವುದಿಲ್ಲ. ಹವ್ಯಾಸ ಎಂಬ ಮಾತನ್ನೇ ನೋಡಿ. ನಾವು ಅದನ್ನು ಸಭ್ಯವಾದ ಮಾತೆಂದು ಬಳಸುತ್ತೇವೆ. ನೆರೆಯ ಮರಾಠಿಯಲ್ಲಿ ಅದಕ್ಕೆ ಮಿತಿಮೀರಿದ ಆಸೆ ಎಂಬ ಅರ್ಥವಿದೆ. ಕನ್ನಡದಲ್ಲಿಯೂ "ಅವನಿಗೆ ಕೆಟ್ಟ ಹವ್ಯಾಸ ಹತ್ತಿದೆ" ಎನ್ನುವಾಗ ಆ ಹಳೆಯ ಅರ್ಥದ ನೆರಳು ಸುಳಿಯುತ್ತದೆ. ಹೆಣಿಗೆಯವರ ಬೀರುಗಳನ್ನು ತೆರೆದು ನೋಡಿದವರಿಗೆ ಈ ನೆರಳು ಪರಿಚಿತ. ಒಂದು ಜನ್ಮದಲ್ಲಿ ಹೆಣೆದು ಮುಗಿಸಲಾರದಷ್ಟು ನೂಲು, ಬಣ್ಣ ಚೆನ್ನಾಗಿತ್ತೆಂದು ಕೊಂಡದ್ದು, ಬೆಲೆ ಇಳಿದಿತ್ತೆಂದು ಕೊಂಡದ್ದು, ಎಂದಾದರೂ ಬೇಕಾದೀತೆಂದು ಕೊಂಡದ್ದು, ನುಸಿಗುಳಿಗೆಯ ವಾಸನೆಯಲ್ಲಿ ಮಲಗಿರುತ್ತದೆ. ತೋಟದವರೇನೂ ಕಡಮೆಯಲ್ಲ. ಹಾಲೆಂಡಿನಲ್ಲಿ 1636ರ ಚಳಿಗಾಲದಲ್ಲಿ, ಟ್ಯೂಲಿಪ್ ಗಡ್ಡೆಗಳು ಇನ್ನೂ ನೆಲದೊಳಗಿರುವಾಗಲೇ ಅವುಗಳ ಮೇಲಿನ ಕರಾರುಪತ್ರಗಳು ಕೈಯಿಂದ ಕೈಗೆ ಏರುಬೆಲೆಗೆ ಮಾರಾಟವಾದವು. 1637ರ ಫೆಬ್ರವರಿಯಲ್ಲಿ ಬೆಲೆ ಕುಸಿದು ಬಿದ್ದಿತು. ಕಾಗದವನ್ನು ಕೊಂಡು ಮಾರಿದವರಲ್ಲಿ ಎಷ್ಟು ಮಂದಿಗೆ ಹೂವನ್ನು ನೋಡುವ ಆಸೆಯಿತ್ತೋ! ಕೂಡಿಹಾಕುವ ಕೈಗೆ ನೂಲೂ ಒಂದೇ, ಗಡ್ಡೆಯೂ ಒಂದೇ. ಆ ಕೈಯನ್ನು ತೆರೆಯಿಸುವುದು ಹೇಗೆ?

ಕೊಡುವುದರಿಂದ ಎಂದು ಯಾರಾದರೂ ಹೇಳುತ್ತಾರೆ. ಇಲ್ಲಿಯೇ ನಮ್ಮ ನಿಜವಾದ ಪ್ರಶ್ನೆ ಹುಟ್ಟುವುದು.

ಇಂಗ್ಲೆಂಡ್, ಅಮೆರಿಕಗಳ ಹೆಣಿಗೆಯವರ ಬಳಗಗಳಲ್ಲಿ ನೂಲಿನ ಉಡುಗೊರೆಯ ವಿನಿಮಯ ಎಂಬ ಪದ್ಧತಿ ಬಳಕೆಯಲ್ಲಿದೆ. ಅಲ್ಲಿ ನೆಲೆಸಿದ ನಮ್ಮವರ ಮೂಲಕ ಇಲ್ಲಿಯ ಕೆಲವರಿಗೂ ಅದು ಪರಿಚಿತವಾಗಿದೆ. ಬಳಗದವರೆಲ್ಲರ ಹೆಸರನ್ನೂ ಬರೆದು ಚೀಟಿ ಎತ್ತುತ್ತಾರೆ. ಯಾರಿಗೆ ಯಾರ ಹೆಸರು ಬಂದಿತೋ ಅವರಿಗೆ ನೂಲು ಕಳುಹಿಸಬೇಕು. ಇಷ್ಟವಾದ ಬಣ್ಣ ಯಾವುದು, ಉಣ್ಣೆ ಮೈಗೆ ಕಡಿತ ತರುತ್ತದೆಯೇ, ಹೆಣೆಯುವುದು ಟೋಪಿಯೋ ಕಾಲುಚೀಲವೋ ಎಂಬುದನ್ನೆಲ್ಲ ಮೊದಲೇ ಕೇಳಿ ತಿಳಿದಿರುತ್ತಾರೆ. ಇಂತಿಷ್ಟು ಬೆಲೆಯನ್ನು ಮೀರಬಾರದೆಂದು ಮಿತಿಯೂ ಉಂಟು, ಇಂಥ ದಿನದೊಳಗೆ ತಲುಪಬೇಕೆಂದು ಗಡುವೂ ಉಂಟು. ಅನೇಕ ಕಡೆ ಇನ್ನೊಂದು ಸೊಗಸಾದ ಏರ್ಪಾಡಿದೆ: ನೀವು ಯಾರಿಗೆ ಕೊಡುತ್ತೀರೋ ಅವರು ನಿಮಗೆ ಕೊಡುವವರಲ್ಲ. ನಿಮಗೆ ಬರುವುದು ಮೂರನೆಯವರಿಂದ. ಹೀಗೆ ಉಡುಗೊರೆ ಒಂದು ಸುತ್ತು ಹಾಕುತ್ತದೆ.

ಕಟುವಾದ ತರ್ಕ ಕೇಳುತ್ತದೆ: ಐನೂರು ರೂಪಾಯಿನ ನೂಲು ಕೊಟ್ಟೆ, ಐನೂರು ರೂಪಾಯಿನ ನೂಲು ಬಂದಿತು. ಅಂಚೆ ಖರ್ಚಿನ ಹೊರತು ಇದರಲ್ಲಿ ನಡೆದದ್ದೇನು? ಇದು ದಾನವೇ? ಗೀತೆಯ ಹದಿನೇಳನೆಯ ಅಧ್ಯಾಯ ದಾನವನ್ನು ಮೂರು ಬಗೆಯಾಗಿ ವಿಂಗಡಿಸುತ್ತದೆ. ಕೊಡುವುದು ಕರ್ತವ್ಯವೆಂದು, ಪ್ರತಿಯಾಗಿ ಉಪಕಾರ ಮಾಡಲಾಗದವನಿಗೆ, ತಕ್ಕ ಕಾಲದಲ್ಲಿ ತಕ್ಕ ಸ್ಥಳದಲ್ಲಿ ಕೊಟ್ಟದ್ದು ಸಾತ್ವಿಕ. ಪ್ರತ್ಯುಪಕಾರಕ್ಕಾಗಿ ಅಥವಾ ಫಲವನ್ನು ಬಯಸಿ ಕೊಟ್ಟದ್ದು ರಾಜಸ. ಆದರವಿಲ್ಲದೆ, ತಿರಸ್ಕಾರದಿಂದ, ಅಪಾತ್ರನಿಗೆ ಕೊಟ್ಟದ್ದು ತಾಮಸ. ಈ ಅಳತೆಗೋಲನ್ನು ಹಿಡಿದರೆ ನೂಲಿನ ವಿನಿಮಯಕ್ಕೆ ರಾಜಸದ ಪಂಕ್ತಿಗಿಂತ ಮೇಲಿನ ಎಲೆ ಹಾಕುವಂತಿಲ್ಲ.

ನಮ್ಮಲ್ಲಿ ಇದಕ್ಕಿಂತ ಗಟ್ಟಿಯಾದ ರಾಜಸವಿದೆ. ಅದರ ಹೆಸರು ಮುಯ್ಯಿ. ಮದುವೆಯ ಚಪ್ಪರದಲ್ಲಿ ಒಬ್ಬರು ಪುಸ್ತಕ ಹಿಡಿದು ಕುಳಿತು, ಯಾರು ಎಷ್ಟು ಓದಿಸಿದರೆಂದು ಬರೆದುಕೊಳ್ಳುವ ಪದ್ಧತಿಯನ್ನು ನಮ್ಮ ಹಳ್ಳಿಗಳಲ್ಲಿ ನೋಡಿದವರಿದ್ದಾರೆ. ಅವರ ಮನೆಯ ಮದುವೆ ಬಂದಾಗ ಆ ಪುಸ್ತಕವನ್ನು ತೆರೆದು ಅಷ್ಟನ್ನೇ, ಸಾಧ್ಯವಾದರೆ ಸ್ವಲ್ಪ ಮೇಲೆಯೇ, ಹಿಂದಿರುಗಿಸಬೇಕು. ಹೊಲದ ಕೆಲಸಕ್ಕೆ ಇಂದು ನೀನು ಬಾ, ನಾಳೆ ನಿನ್ನ ಹೊಲಕ್ಕೆ ನಾನು ಬರುತ್ತೇನೆ ಎಂಬ ಮುಯ್ಯಾಳಿನ ಏರ್ಪಾಡೂ ಇದೇ ಮಾತಿನಿಂದ ಬಂದದ್ದು. ಬಡವರ ಊರಿನಲ್ಲಿ ಇದು ಎಷ್ಟೋ ಮದುವೆಗಳನ್ನು ನಡೆಸಿದೆ, ಎಷ್ಟೋ ಪೈರುಗಳನ್ನು ಮನೆಗೆ ತಂದಿದೆ. ಅದನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ಭಾಷೆಯನ್ನು ಪಾಠ ಹೇಳುವವನಿಗೆ ಈ ಶಬ್ದದ ಇನ್ನೊಂದು ಮುಖ ಕಣ್ಣಿಗೆ ಬೀಳದೆ ಹೋಗದು. ಉಡುಗೊರೆಗೂ ಮುಯ್ಯಿ ಎನ್ನುತ್ತೇವೆ, ಸೇಡಿಗೂ ಮುಯ್ಯಿ ಎನ್ನುತ್ತೇವೆ. ಮುಯ್ಯಿಗೆ ಮುಯ್ಯಿ ತೀರಿಸುವವನು ಕೈಯಲ್ಲಿ ಹಿಡಿದದ್ದು ಸೀರೆಯೋ ದೊಣ್ಣೆಯೋ ಎಂಬುದು ಸಂದರ್ಭದಿಂದ ಗೊತ್ತಾಗಬೇಕು! ಎರಡರಲ್ಲಿಯೂ ಮನಸ್ಸು ಮಾಡುವ ಕೆಲಸ ಒಂದೇ. ಪಡೆದದ್ದನ್ನು ಅಳೆದು ಇಟ್ಟುಕೊಳ್ಳುವುದು, ಅಳತೆ ತಪ್ಪದೆ ಹಿಂದಿರುಗಿಸುವುದು.

ಈ ಅನುಮಾನ ನಮ್ಮ ಭಾಷೆಗೆ ಮಾತ್ರ ಬಂದದ್ದಲ್ಲ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1924ರಲ್ಲಿ ಬರೆದ ಒಂದು ಚಿಕ್ಕ ಲೇಖನದಲ್ಲಿ, ಜರ್ಮನ್ ಭಾಷೆಗಳಲ್ಲಿ ಗಿಫ್ಟ್ ಎಂಬ ಒಂದೇ ಶಬ್ದ ಉಡುಗೊರೆಯನ್ನೂ ವಿಷವನ್ನೂ ಹೇಳುತ್ತ ಬಂದುದನ್ನು ಎತ್ತಿ ತೋರಿಸಿದನು. ಮರುವರ್ಷ ಪ್ರಕಟವಾದ ಅವನ ಹೆಸರಾಂತ ಪ್ರಬಂಧದ ಸಾರವೂ ಇದೇ: ಉಡುಗೊರೆಯಲ್ಲಿ ಮೂರು ಕಟ್ಟುಪಾಡುಗಳಿವೆ, ಕೊಡಲೇಬೇಕು, ತೆಗೆದುಕೊಳ್ಳಲೇಬೇಕು, ಹಿಂದಿರುಗಿಸಲೇಬೇಕು. ಬಿಟ್ಟಿಯ ಉಡುಗೊರೆ ಎಂಬುದು ಲೋಕದಲ್ಲಿ ಸುಲಭವಲ್ಲ. ಹಾಗಿದ್ದರೆ ನಾವು ಪ್ರೀತಿಯಿಂದ ಕೊಡುತ್ತೇವೆಂದುಕೊಳ್ಳುವುದೆಲ್ಲ ವ್ಯಾಪಾರದ ಮುಸುಕೇ? ಬಿಳಿಯ ಕಾಗದದಲ್ಲಿ ಸುತ್ತಿ ಕಳುಹಿಸಿದ ಆ ನೂಲಿನ ಲಡಿಯೂ ಒಂದು ಪುಟ್ಟ ಸಾಲಪತ್ರವೇ?

ಇದಕ್ಕೆ ಉತ್ತರ ಹುಡುಕುವಾಗ ಕೊಟ್ಟ ವಸ್ತುವನ್ನು ಒಮ್ಮೆ ನೋಡಬೇಕು. ಪುಸ್ತಕದಲ್ಲಿ ಬರೆಯಿಸಿದ ಹಣ ಹಾಗೆಯೇ ಮುಗಿದ ವಸ್ತು. ಬೆಳ್ಳಿಯ ಲೋಟ ಮುಗಿದ ವಸ್ತು. ಅದನ್ನು ಪಡೆದವರು ಮಾಡಬೇಕಾದದ್ದು ಏನೂ ಇಲ್ಲ, ನೆನಪಿಟ್ಟುಕೊಂಡು ಹಿಂದಿರುಗಿಸುವುದೊಂದರ ಹೊರತು. ನೂಲು ಹಾಗಲ್ಲ. ಒಂದು ಲಡಿ ನೂಲನ್ನು ತೊಡಲಾಗದು, ಹೊದೆಯಲಾಗದು. ಅದನ್ನು ಬಿಡಿಸಿ ಉಂಡೆ ಸುತ್ತಬೇಕು, ಕಡ್ಡಿಗೆ ಏರಿಸಬೇಕು, ಸಾವಿರಾರು ಕುಣಿಕೆ ಹಾಕಬೇಕು. ಕೊಟ್ಟವರು ಕೊಟ್ಟದ್ದು ಅರ್ಧ. ಉಳಿದರ್ಧ ಪಡೆದವರ ಕೈಯಲ್ಲಿದೆ. ತೋಟದ ಉಡುಗೊರೆಯೂ ಇದೇ ಜಾತಿಯದು. ಗುಲಾಬಿಯ ಕಡ್ಡಿಯನ್ನೋ ದಾಸವಾಳದ ಕಡ್ಡಿಯನ್ನೋ ಒದ್ದೆಯ ಬಟ್ಟೆಯಲ್ಲಿ ಸುತ್ತಿ ಕೊಟ್ಟವರು ಹೂವನ್ನು ಕೊಟ್ಟಿಲ್ಲ. ಹೂವಾಗಬಹುದಾದ ಒಂದು ಅವಕಾಶವನ್ನು ಕೊಟ್ಟಿದ್ದಾರೆ. ಹೆಣಿಗೆಗೂ ಕಡ್ಡಿ, ಗಿಡಕ್ಕೂ ಕಡ್ಡಿ ಎಂದು ಕನ್ನಡ ಒಂದೇ ಮಾತಿನಲ್ಲಿ ಎರಡನ್ನೂ ಹೇಳುವುದು ಆಕಸ್ಮಿಕವೇ ಇರಬಹುದು. ಆದರೆ ಆ ಆಕಸ್ಮಿಕ ಬಹಳ ಚೆನ್ನಾಗಿದೆ.

ಬೆಂಗಳೂರು, ಮೈಸೂರುಗಳ ಕಾಂಪೌಂಡ್ ಗೋಡೆಗಳ ಮೇಲಿಂದ ಹೀಗೆ ಕೈ ಬದಲಾದ ಗಿಡಗಳ ಚರಿತ್ರೆಯನ್ನು ಯಾರಾದರೂ ಬರೆಯಬೇಕು. ನಾವು ಬ್ರಹ್ಮಕಮಲ ಎಂದು ಕರೆದು ಭಕ್ತಿಯಿಂದ ಕಾಣುವ, ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ಬಾಡುವ ಬಿಳಿಯ ಹೂವು ನಿಜವಾಗಿ ಮೆಕ್ಸಿಕೋ ಕಡೆಯ ಒಂದು ಕಳ್ಳಿಯ ಜಾತಿ. ಹಿಮಾಲಯದ ಬ್ರಹ್ಮಕಮಲವೇ ಬೇರೆ. ಎಲೆಯೆಂದು ನಾವು ಭಾವಿಸುವುದು ಅದರ ಚಪ್ಪಟೆಯಾದ ಕಾಂಡ. ಅದರ ಒಂದು ತುಂಡನ್ನು ಮಣ್ಣಿಗೆ ಊರಿದರೆ ಬೇರು ಬಿಡುತ್ತದೆ. ಈ ಗಿಡ ನಮ್ಮ ಬೀದಿಗಳಲ್ಲಿ ಹರಡಿದ್ದು ಹೆಚ್ಚಾಗಿ ಹಾಗೆಯೇ. ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ, ಒಂದೊಂದು ತುಂಡಾಗಿ. ಹೂ ಬಿಡುವ ರಾತ್ರಿ ಅಕ್ಕಪಕ್ಕದವರನ್ನು ಕರೆಯುವ ವಾಡಿಕೆಯೂ ಅದರೊಡನೆ ಬೆಳೆಯಿತು. ಸೀಮೆಬದನೆಯೂ ಅದೇ ಮೆಕ್ಸಿಕೋ ಸೀಮೆಯಿಂದ ಬಂದದ್ದು. ಬೆಂಗಳೂರಿಗೆ ಅದನ್ನು ತಂದವರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲಾಲ್‌ಬಾಗಿನ ಅಧಿಕಾರಿಯಾಗಿದ್ದ ಜಾನ್ ಕ್ಯಾಮೆರಾನ್ ಎಂದು ಹೇಳುತ್ತಾರೆ. ಅದರ ಕಾಯಿಯಲ್ಲಿ ಇರುವುದು ಒಂದೇ ಬೀಜ. ಅದು ಕಾಯಿಯೊಳಗೇ ಮೊಳೆಯುವುದರಿಂದ ಇಡೀ ಕಾಯನ್ನೇ ನೆಡಬೇಕು. ಬೀಜವನ್ನು ಪ್ರತ್ಯೇಕಿಸಿ ಡಬ್ಬಿಯಲ್ಲಿ ಕೂಡಿಹಾಕುವ ಅವಕಾಶವನ್ನೇ ಅದು ಲೋಭಿಗೆ ಕೊಟ್ಟಿಲ್ಲ! ಚಪ್ಪರಕ್ಕೆ ಹಬ್ಬಿದ ಮೇಲೆ ಅದು ಬಿಡುವ ಕಾಯಿಗಳನ್ನು ಒಂದು ಮನೆಯವರು ತಿಂದು ಮುಗಿಸಲಾರರು. ನೆರೆಯವರಿಗೆ ಹಂಚಲೇಬೇಕು, ಹಂಚಿದ ಕಾಯಿ ಮೂಲೆಯಲ್ಲಿ ಉಳಿದರೆ ಮೊಳೆಯುತ್ತದೆ, ಮೊಳೆತದ್ದನ್ನು ನೆಟ್ಟರೆ ಅವರಿಗೂ ಚಪ್ಪರ.

ಇಂಥ ಉಡುಗೊರೆಗೆ ಮುಯ್ಯಿ ಹೇಗೆ ತೀರಿಸುವುದು? ಬ್ರಹ್ಮಕಮಲದ ತುಂಡನ್ನು ಕೊಟ್ಟವರಿಗೆ ಬ್ರಹ್ಮಕಮಲದ ತುಂಡನ್ನು ಹಿಂದಿರುಗಿಸಿದರೆ ಅವರು ನಕ್ಕಾರು. ಅದನ್ನು ಬೆಳೆಸಿ, ಕೇಳಿದ ಮೂರನೆಯವರಿಗೆ ಒಂದು ತುಂಡು ಕೊಟ್ಟರೆ ಮಾತ್ರ ಋಣ ಸಂದಂತೆ ಅವರಿಗೆ ತೋರುತ್ತದೆ. ಆದ್ದರಿಂದ ಈ ಋಣದ ಮುಖ ಕೊಟ್ಟವರ ಕಡೆಗಿಲ್ಲ, ಮುಂದಿನವರ ಕಡೆಗಿದೆ. ನಗರದ ಮನೆಗಳಲ್ಲಿ ಒಂದು ತಮಾಷೆಯ ನಂಬಿಕೆಯಿದೆ: ಮನಿ ಪ್ಲಾಂಟನ್ನು ಕೇಳಿ ತರಬಾರದು, ಕದ್ದು ತಂದರೆ ಚೆನ್ನಾಗಿ ಹಬ್ಬುತ್ತದೆ ಎಂದು. ಕಳ್ಳತನಕ್ಕೆ ಇಷ್ಟು ಸುಸಂಸ್ಕೃತವಾದ ಪರವಾನಗಿಯನ್ನು ಕೊಟ್ಟವರು, ಗಿಡದ ವಿಷಯದಲ್ಲಿ ಉಪಕಾರದ ಹೊರೆ ಯಾರ ತಲೆಯ ಮೇಲೂ ಇರಬಾರದೆಂದು ಬಯಸಿದ ಜಾಣರೇ ಇರಬೇಕು.

ಮೋಸ್‌ನ ಪ್ರಬಂಧಕ್ಕೆ ಸಾಮಗ್ರಿಯನ್ನು ಒದಗಿಸಿದ ಒಂದು ಪದ್ಧತಿಯಲ್ಲಿ ಇದರ ಹೊಳಹಿದೆ. ನ್ಯೂಗಿನಿಯ ಪೂರ್ವಕ್ಕಿರುವ ಟ್ರೋಬ್ರಿಯಂಡ್ ಮೊದಲಾದ ದ್ವೀಪಗಳ ಜನರ ಕುಲಾ ಎಂಬ ಆ ವಿನಿಮಯವನ್ನು ಮಾಲಿನೋವ್‌ಸ್ಕಿ 1922ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದನು. ಕೆಂಪು ಚಿಪ್ಪಿನ ಹಾರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲಿ ಸುತ್ತುತ್ತವೆ, ಬಿಳಿಯ ಚಿಪ್ಪಿನ ತೋಳಬಂದಿಗಳು ಎದುರು ದಿಕ್ಕಿನಲ್ಲಿ. ಯಾವುದನ್ನೂ ಯಾರೂ ಬಹುಕಾಲ ಇಟ್ಟುಕೊಳ್ಳುವಂತಿಲ್ಲ. ಇಟ್ಟುಕೊಂಡವನಿಗೆ ಜಿಪುಣನೆಂಬ ಹೆಸರು ಬರುತ್ತದೆ. ಅಲ್ಲಿಯೂ ಪ್ರತಿಷ್ಠೆಯ ಪೈಪೋಟಿ ಇಲ್ಲದಿಲ್ಲ. ಆದರೂ ವಸ್ತುವಿನ ಬೆಲೆ ಇರುವುದು ಅದು ಮುಂದೆ ಸಾಗುವುದರಲ್ಲಿ ಎಂಬ ತಿಳಿವಳಿಕೆ ಅದರಲ್ಲಿದೆ. ಚೀಟಿಯೆತ್ತಿ ಮೂರನೆಯವರಿಗೆ ನೂಲು ಕಳುಹಿಸುವ ಹೆಣಿಗೆಯವರು, ಅರಿತೋ ಅರಿಯದೆಯೋ, ಇದೇ ದಾರಿ ಹಿಡಿದಿದ್ದಾರೆ.

ಹಾಗೆಂದು ನೂಲಾದ ಮಾತ್ರಕ್ಕೆ ಎಲ್ಲವೂ ಪವಿತ್ರವೆಂದು ಹೇಳಲಾಗದು. ನಮ್ಮ ನಾಡಿನಲ್ಲಿಯೇ ನಡೆದ ಒಂದು ಪ್ರಸಂಗ ಇದನ್ನು ಕಲಿಸುತ್ತದೆ. 1924ರ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನ, ಸದಸ್ಯತ್ವದ ವಂತಿಗೆಯಾಗಿ ತಿಂಗಳಿಗೆ ಎರಡು ಸಾವಿರ ಗಜ ನೂಲನ್ನು ಕೊಡಬೇಕೆಂಬ ನಿಯಮವನ್ನು ಅಂಗೀಕರಿಸಿತು. ಸ್ವತಃ ನೂತ ನೂಲೇ ಆಗಬೇಕೆಂಬುದು ಗಾಂಧೀಜಿಯವರ ಆಸೆ. ಆದರೆ ಕಾಯಿಲೆಯಿದ್ದರೆ, ಮನಸ್ಸಿಲ್ಲದಿದ್ದರೆ, ಬೇರೆಯವರು ನೂತದ್ದನ್ನೂ ಕೊಡಬಹುದೆಂದು ಒಂದು ಕಿಂಡಿಯನ್ನು ತೆರೆದಿಡಬೇಕಾಯಿತು. ಮನಸ್ಸಿಲ್ಲದವರಿಗೆ ಅಂಗಡಿಯ ನೂಲು ಸಾಕಾಯಿತು. ಮರುವರ್ಷವೇ ನಿಯಮ ಸಡಿಲವಾಗಿ ನಾಲ್ಕಾಣೆಯ ವಂತಿಗೆಗೂ ಜಾಗ ದೊರೆಯಿತು. ಎರಡು ಸಾವಿರ ಗಜದ ಎರಡು ಲಡಿಗಳು ತಕ್ಕಡಿಯಲ್ಲಿ ಒಂದೇ ತೂಗಬಹುದು. ಒಂದರಲ್ಲಿ ಒಬ್ಬ ವಕೀಲನ ಬೆಳಗಿನ ಗಂಟೆಗಳಿವೆ, ಇನ್ನೊಂದರಲ್ಲಿ ಅವನ ರಸೀತಿ ಮಾತ್ರವಿದೆ. ಕೊಟ್ಟವನು ತನ್ನದೇನನ್ನು ಅದರಲ್ಲಿ ಇಟ್ಟಿದ್ದಾನೆ ಎಂಬುದನ್ನು ಯಾವ ನಿಯಮವೂ ವಿಧಿಸಲಾರದು.

ಕಠೋಪನಿಷತ್ತಿನ ಆರಂಭದ ಕಥೆ ಇಲ್ಲಿ ನೆನಪಾಗುತ್ತದೆ. ಸರ್ವಸ್ವವನ್ನೂ ದಾನ ಮಾಡಬೇಕಾದ ಯಾಗದಲ್ಲಿ ನಚಿಕೇತನ ತಂದೆ ಕೊಟ್ಟದ್ದು ಹುಲ್ಲು ತಿನ್ನಲಾರದ, ನೀರು ಕುಡಿಯಲಾರದ, ಹಾಲು ಬತ್ತಿದ ಹಸುಗಳನ್ನು. ಲೆಕ್ಕದಲ್ಲಿ ಅವು ಹಸುಗಳೇ. ಹುಡುಗನಿಗೆ ಮಾತ್ರ ನಾಚಿಕೆಯಾಯಿತು. ಹವ್ಯಾಸದ ವಿನಿಮಯಗಳಲ್ಲಿಯೂ ಇಂಥ ಹಸುಗಳು ಉಂಟು. ಬೀರುವಿನ ತಳದಲ್ಲಿ ಹತ್ತು ವರ್ಷ ಕೊಳೆತ, ಯಾರಿಗೂ ಬೇಡವಾದ ಬಣ್ಣದ, ಎಳೆದರೆ ಹರಿಯುವ ನೂಲನ್ನು ಸುಂದರವಾದ ಪೊಟ್ಟಣದಲ್ಲಿ ಕಟ್ಟಿ ಕಳುಹಿಸುವವರಿದ್ದಾರೆ. ರೋಗ ಹಿಡಿದ ಗಿಡದ ಕಡ್ಡಿಯನ್ನು ನಗುನಗುತ್ತ ಗೋಡೆ ದಾಟಿಸುವವರಿದ್ದಾರೆ. ಮಂಗಳೂರಿನ ಸೆಕೆಯಲ್ಲಿ ಬೇಯುತ್ತಿರುವವರಿಗೆ ದಪ್ಪ ಉಣ್ಣೆಯನ್ನು ಕಳುಹಿಸಿದವರಲ್ಲಿ ಲೋಭವಿಲ್ಲದಿರಬಹುದು, ಅನಾದರವಿದೆ. ಪಡೆಯುವವರು ಯಾರು, ಅವರ ಊರಿನ ಹವೆ ಹೇಗೆ, ಅವರ ಕೈ ಎಷ್ಟು ಪಳಗಿದೆ ಎಂದು ಒಂದು ಗಳಿಗೆ ಯೋಚಿಸುವ ಶ್ರಮವೇ ಉಡುಗೊರೆಯ ಮೊದಲ ಎಳೆ. ದೇಶ, ಕಾಲ, ಪಾತ್ರ ಎಂದು ಗೀತೆ ಹೇಳಿದ್ದರ ಮನೆವಾರ್ತೆಯ ಅರ್ಥ ಇಷ್ಟೇ ಎಂದು ನನಗೆ ತೋರುತ್ತದೆ.

ಇನ್ನು ಕೊಟ್ಟದ್ದಕ್ಕೆ ಪ್ರತಿಯಾಗಿ ಏನೂ ಬಾರದೆ ಹೋದರೆ? ಈ ಪರೀಕ್ಷೆಗೆ ಒಳಗಾದ ಗೃಹಿಣಿಯೊಬ್ಬರನ್ನು ನಾನು ಬಲ್ಲೆ. ಅಂಥದೊಂದು ವಿನಿಮಯದಲ್ಲಿ ಅವರು ಮುಖ ಕಾಣದ ಒಬ್ಬರಿಗೆ ನವಿಲುಬಣ್ಣದ ಎರಡು ಲಡಿಗಳನ್ನು ಆರಿಸಿ ಕಳುಹಿಸಿದರು. ಅವರಿಗೆ ಕಳುಹಿಸಬೇಕಾಗಿದ್ದ ಮೂರನೆಯವರಿಂದ ಗಡುವು ಕಳೆದರೂ, ಆರು ತಿಂಗಳು ಕಳೆದರೂ ಏನೂ ಬರಲಿಲ್ಲ. "ಮೋಸ ಹೋದೆ ಅಷ್ಟೆ. ಇನ್ನು ಮೇಲಾದರೂ ಬುದ್ಧಿ ಕಲಿ" ಎಂದರು ಅವರ ಯಜಮಾನರು. ಆಕೆ ಹೇಳಿದ್ದು: "ನನಗೆ ಬರಲಿಲ್ಲ ಅಂತ ಬೇಜಾರು ಇದೆ ಅನ್ನಿ. ಆದರೆ ನಾನು ಕಳಿಸಿದ್ದನ್ನ ಅವರು ಹೆಣೆದರೋ ಇಲ್ಲವೋ, ಅದು ಗೊತ್ತಾಗಬೇಕಲ್ಲ!" ಕೆಲವು ದಿನಗಳ ಮೇಲೆ ಆ ನೂಲನ್ನು ಪಡೆದವರಿಂದ ಕಾಗದ ಬಂದಿತು. ಮಾದರಿ ತಪ್ಪಿ ಎರಡು ಸಲ ಪೂರ್ತಿ ಬಿಚ್ಚಿ ಮತ್ತೆ ಹೆಣೆದೆ, ಈಗ ಕುತ್ತಿಗೆಯ ವಸ್ತ್ರವಾಗಿದೆ ಎಂದು ಅದರಲ್ಲಿತ್ತು. ಎರಡು ಸಲ ಬಿಚ್ಚಿದರು ಎಂಬ ಮಾತನ್ನು ಆಕೆ ಎಲ್ಲರಿಗೂ ಓದಿ ಹೇಳಿದರು. ಅಷ್ಟು ಹೊತ್ತು ಆ ನೂಲು ಆ ಕೈಗಳಲ್ಲಿ ಓಡಾಡಿತಲ್ಲ ಎಂಬ ಸಂತೋಷ ಅವರದು.

ಯಜಮಾನರ ಮಾತು ತಪ್ಪೆಂದು ನಾನು ಹೇಳಲಾರೆ. ಒಪ್ಪಿ ಕೊಡದಿರುವುದು ವಚನಭಂಗ. ಅದನ್ನು ಔದಾರ್ಯದ ಹೆಸರಿನಲ್ಲಿ ಮುಚ್ಚಿಹಾಕಬಾರದು. ಆದರೆ ಇಲ್ಲಿ ಎರಡು ಎಳೆಗಳಿದ್ದವು. ಒಂದು ಕರಾರಿನ ಎಳೆ, ಅದು ಕಡಿಯಿತು. ಇನ್ನೊಂದು ಉಡುಗೊರೆಯ ಎಳೆ, ಅದು ಕಡಿಯಲಿಲ್ಲ. ಮೊದಲನೆಯದು ಕಡಿದಾಗ ಎರಡನೆಯದನ್ನೂ ನಾವೇ ಕೈಯಾರ ಕಡಿದುಹಾಕುತ್ತೇವಲ್ಲ, ಅಲ್ಲಿ ನಮಗೆ ನಷ್ಟವಾಗುವುದು. ನಿಯಮವನ್ನು ಕೇಳುವ ಹಕ್ಕು ಆಕೆಗಿತ್ತು. ಕೊಟ್ಟದ್ದನ್ನು ಮಾತ್ರ ಆಕೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಮನಸ್ಸಿನಲ್ಲಿ ಕೂಡ. ಸಾತ್ವಿಕ, ರಾಜಸಗಳ ನಡುವಿನ ಗೆರೆ ವಿನಿಮಯದ ಏರ್ಪಾಡಿನಲ್ಲಿಲ್ಲ. ಪ್ರತಿಫಲ ತಪ್ಪಿದ ದಿನ ಕೊಟ್ಟವರ ಮನಸ್ಸು ಯಾವ ಕಡೆ ಹೊರಳುತ್ತದೆ ಎಂಬುದರಲ್ಲಿದೆ.

ಒಂದು ಆಕ್ಷೇಪಣೆ ಉಳಿದಿದೆ, ಅದು ಎಲ್ಲಕ್ಕಿಂತ ತೂಕದ್ದು. ಇದೆಲ್ಲ ಹೊಟ್ಟೆ ತುಂಬಿದವರ ತತ್ತ್ವಶಾಸ್ತ್ರವಲ್ಲವೇ? ಅರಿಸ್ಟಾಟಲನ ವಿರಾಮಕ್ಕೆ ಆಧಾರವಾಗಿದ್ದವರು ಗುಲಾಮರು. ನಮ್ಮ ಮನೆಯ ಹೆಣಿಗೆಗೆ ಬಿಡುವು ದೊರೆಯುವುದು ಎಷ್ಟೋ ವೇಳೆ ಪಾತ್ರೆ ತೊಳೆಯಲು ಇನ್ನೊಬ್ಬ ಹೆಂಗಸು ಬರುವುದರಿಂದ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಕಂಬಳಿಗೆ ಹೆಸರಾದ ಊರು. ಕುರಿಯ ತುಪ್ಪಟವನ್ನು ಕತ್ತರಿಸಿ, ಹಿಂಜಿ, ಹೆಂಗಸರು ನೂತು, ಹಾಸಿಗೆ ಹುಣಸೆಬೀಜದ ಗಂಜಿಯನ್ನು ಹಚ್ಚಿ ಒಣಗಿಸಿ, ಮಗ್ಗದಲ್ಲಿ ಕುಳಿತು ನೆಯ್ದರೆ ಒಂದು ಕಂಬಳಿ. ಅವರಿಗೂ ಅದು ಉಣ್ಣೆಯೇ, ಎಳೆಯೇ, ಹವ್ಯಾಸ ಮಾತ್ರವಲ್ಲ. ಅವರು ಚೀಟಿ ಎತ್ತಿ ಉಡುಗೊರೆ ಕಳುಹಿಸುತ್ತ ಕೂರುವಂತಿಲ್ಲ. ಬೆಲೆ ಬಂದರೆ ಅನ್ನ, ಬಾರದಿದ್ದರೆ ಇಲ್ಲ.

ಈ ಆಕ್ಷೇಪಣೆಯನ್ನು ತಳ್ಳಿಹಾಕುವುದು ಸಾಧ್ಯವಿಲ್ಲ, ತಳ್ಳಿಹಾಕಲೂಬಾರದು. ಆದರೆ ಹವ್ಯಾಸ ಇದಕ್ಕೆ ಒಂದು ಉತ್ತರವನ್ನು ಕೊಡಬಲ್ಲದು, ಕೊಡುವ ಮನಸ್ಸಿದ್ದರೆ. ಐವತ್ತೇಳು ಸಾವಿರ ಕುಣಿಕೆಗಳನ್ನು ತನ್ನ ಬೆರಳಿನಲ್ಲಿ ಎಣಿಸಿದವಳಿಗೆ ಕಂಬಳಿಯಲ್ಲಿ ಎಷ್ಟು ಹಗಲು ಅಡಗಿದೆಯೆಂದು ಹೇಳಿಕೊಡಬೇಕಾಗಿಲ್ಲ. ಒಂದು ಬದನೆಗಿಡವನ್ನು ಹುಳುವಿನಿಂದ ಉಳಿಸಲಾರದೆ ಸೋತವನಿಗೆ ಸೊಪ್ಪಿನ ಬುಟ್ಟಿ ಹೊತ್ತು ಬಂದವಳ ಮೂಲಂಗಿಯ ಕಂತೆ ಎಷ್ಟು ದೊಡ್ಡ ಗೆಲವೆಂದು ಗೊತ್ತು. ಇಷ್ಟು ತಿಳಿದ ಮೇಲೂ ಬಾಗಿಲಿಗೆ ಬಂದವರೊಡನೆ ಎರಡು ರೂಪಾಯಿಗೆ ಚೌಕಾಸಿ ಮಾಡುವ ಕೈ ಹತ್ತು ಸ್ವೆಟರ್ ಹೆಣೆದರೂ ಏನನ್ನೂ ಕಲಿತಿಲ್ಲ. ಹವ್ಯಾಸವಾಗಿ ಒಂದು ಕಸುಬನ್ನು ಕೈಗೆತ್ತಿಕೊಂಡವರು ಅದನ್ನೇ ಬದುಕಾಗಿ ಉಳ್ಳವರಿಗೆ ಋಣಿಗಳು. ಅವರ ಬೆವರಿನ ವಿದ್ಯೆಯನ್ನು ಇವರು ಆಟಕ್ಕಾಗಿ ಎರವಲು ತಂದಿದ್ದಾರೆ. ಆ ಋಣವನ್ನು ಉಡುಗೊರೆಯಿಂದ ತೀರಿಸುವಂತಿಲ್ಲ, ನ್ಯಾಯವಾದ ಬೆಲೆಯಿಂದ ತೀರಿಸಬೇಕು. ಉಡುಗೊರೆ ಎಲ್ಲಿ ಸಲ್ಲುತ್ತದೆ, ಹಣ ಎಲ್ಲಿ ಸಲ್ಲಬೇಕು ಎಂಬ ವಿವೇಕ ಇಲ್ಲದಿದ್ದರೆ ನಮ್ಮ ಔದಾರ್ಯವೆಲ್ಲ ಸ್ನೇಹಿತರಿಗೆ, ಜಿಪುಣತನವೆಲ್ಲ ಬಡವರಿಗೆ ಎಂದಾದೀತು.

ಹಿಂದಿನವರು ಮನುಷ್ಯನು ಮೂರು ಋಣಗಳನ್ನು ಹೊತ್ತು ಹುಟ್ಟುತ್ತಾನೆ ಎಂದರು: ದೇವಋಣ, ಋಷಿಋಣ, ಪಿತೃಋಣ. ಈ ಸಾಲಗಳಲ್ಲಿ ಎರಡರ ವಿಚಿತ್ರವನ್ನು ಗಮನಿಸಬೇಕು. ಅವುಗಳನ್ನು ಸಾಲ ಕೊಟ್ಟವರಿಗೆ ಹಿಂದಿರುಗಿಸುವ ದಾರಿಯೇ ಇಲ್ಲ. ತಂದೆತಾಯಿಗಳು ನಮ್ಮನ್ನು ಎತ್ತಿ ಆಡಿಸಿದ ಸಾಲವನ್ನು ತೀರಿಸಲು ನಾವು ಮಕ್ಕಳನ್ನು ಎತ್ತಿ ಆಡಿಸಬೇಕು. ಋಷಿಗಳಿಂದ ಬಂದ ಸಾಲ ತೀರುವುದು ಕಲಿತು, ಕಲಿತದ್ದನ್ನು ಉಳಿಸಿಕೊಳ್ಳುವುದರಿಂದ. ನನಗೆ ಹಳಗನ್ನಡದ ಮೊದಲ ಪದ್ಯವನ್ನು ಬಿಡಿಸಿ ಹೇಳಿದ ಮೇಷ್ಟರಿಗೆ ನಾನು ಹಿಂದಿರುಗಿಸಬಲ್ಲದ್ದು ಏನೂ ಇಲ್ಲ. ನನ್ನೆದುರು ಕುಳಿತು ಆಕಳಿಸುತ್ತಿರುವ ಹುಡುಗರಿಗೆ ಅದನ್ನು ಬಿಡಿಸಿ ಹೇಳಬಲ್ಲೆ. ಮುಯ್ಯಿಯ ಪುಸ್ತಕದಲ್ಲಿ ಈ ಬಾಬಿಗೆ ಕಲಮೇ ಇಲ್ಲ.

ನೂಲಿನ ಲಡಿಯೂ ಬ್ರಹ್ಮಕಮಲದ ತುಂಡೂ ಈ ಋಣದ ಜಾತಿಗೆ ಸೇರಿದವು. ಅವು ಚಿಕ್ಕವು, ಅವುಗಳಿಂದ ಯಾರೂ ಉದ್ಧಾರವಾಗುವುದಿಲ್ಲ. ಆದರೆ ದೊಡ್ಡ ಋಣಗಳನ್ನು ತೀರಿಸುವ ಅಭ್ಯಾಸ ಎಲ್ಲಿಯೋ ಚಿಕ್ಕದಾಗಿ ಆರಂಭವಾಗಬೇಕಷ್ಟೆ. ನಿಮ್ಮ ಮನೆಯ ಬೀರುವಿನಲ್ಲಿ ಯಾರೋ ಪ್ರೀತಿಯಿಂದ ಕೊಟ್ಟ ನೂಲೊಂದು ಮಲಗಿದ್ದರೆ, ಅದಕ್ಕೆ ಸಮನಾದದ್ದೇನನ್ನು ಹಿಂದಿರುಗಿಸಲಿ ಎಂದು ಚಿಂತಿಸುವುದನ್ನು ಬಿಟ್ಟು ಅದನ್ನು ಹೊರತೆಗೆದು ನಾಲ್ಕು ಸಾಲು ಹೆಣೆಯಿರಿ. ಹೆಣೆಯಲು ಬಾರದಿದ್ದರೆ ಬಲ್ಲವರಿಗೆ ಕೊಡಿ. ಕೊಟ್ಟವರು ಕೇಳುವುದು ಅಷ್ಟನ್ನೇ.